ಕೈಗೊಂದು ಕರೆಂಟು, ಬಾಯಿಗೊಂದು

ನಮ್ಮ ಮನೆಯಲ್ಲಿ ಬೀಗದ ಕೈ ತೂಗುಹಾಕುವ ಮೊಳೆಯ ಪಕ್ಕದಲ್ಲಿ ಇನ್ನೊಂದು ಮೊಳೆಯಿದೆ. ಅದರಲ್ಲಿ ನನ್ನ ಗಂಡನ ರಿಮೋಟು ನೇತಾಡುತ್ತದೆ. ಹೀಗೆ ಹೇಳಿದರೆ ಹೆಂಗಸರೆಲ್ಲ ನಗುತ್ತಾರೆ, ನಮಗೂ ಒಂದು ತರಿಸಿಕೊಡು ಎನ್ನುತ್ತಾರೆ. ಬೇಕರಿಯಲ್ಲಿ ನನ್ನ ಜೊತೆ ಹಿಟ್ಟು ನಾದುವವಳಂತೂ ಬಾಯಿ ಮುಚ್ಚಿಸುವ ಗುಂಡಿ ಯಾವುದು ತೋರಿಸು ಎಂದು ಆಗಾಗ ಪೀಡಿಸುತ್ತಾಳೆ. ಇದೆ, ಆ ಗುಂಡಿಯೂ ಇದೆ. ನನ್ನ ತಲೆನೋವೇ ಅದು.

ಇವರದು ಸಲೂನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎತ್ತರದ ಒಂದು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೆ ಬೆಂಚು, ಮೂಲೆಯಲ್ಲಿ ಒದ್ದೆ ಟವೆಲುಗಳ ಬುಟ್ಟಿ. ಆ ಬುಟ್ಟಿ ಮಾತ್ರ ನನ್ನ ಪಾಲಿನದು. ಇವರಿಗಿಂತ ಚೆನ್ನಾಗಿ ಕೂದಲು ಕತ್ತರಿಸುವವರು ಇದೇ ಬೀದಿಯಲ್ಲಿ ಇದ್ದರು, ಅದನ್ನು ಇವರೇ ಒಪ್ಪುತ್ತಿದ್ದರು. ಜನ ಇಲ್ಲಿಗೆ ಬರುತ್ತಿದ್ದದ್ದು ಮಾತಿಗೆ. ಕುತ್ತಿಗೆಗೆ ಬಟ್ಟೆ ಕಟ್ಟುವಾಗ ಶುರುವಾದ ಮಾತು, ಗಿರಾಕಿ ಎದ್ದು ಕೂದಲು ಕೊಡವಿಕೊಂಡು ಬಾಗಿಲು ದಾಟಿದ ಮೇಲೂ ಅವನ ಹಿಂದೆಯೇ ಹೋಗುತ್ತಿತ್ತು. ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನಕ್ಕೆ ಕತ್ತರಿಸಿಕೊಳ್ಳಲು ತಲೆಯಲ್ಲಿ ಕೂದಲೇ ಇರುತ್ತಿರಲಿಲ್ಲ.

ಮೊದಲು ನಡುಗಿದ್ದು ಬಲಗೈಯ ಹೆಬ್ಬೆರಳು. ಕಣ್ಣಿಗೆ ಕಾಣದ ಗುಳಿಗೆಯೊಂದನ್ನು ತೋರುಬೆರಳಿನ ಮೇಲೆ ಉರುಳಿಸುತ್ತಿದ್ದಾರೇನೋ ಅನ್ನಿಸುತ್ತಿತ್ತು. "ಕತ್ತರಿಗೆ ಮೋಟಾರು ಹಾಕಿಸಿದೀನಿ" ಎಂದು ಗಿರಾಕಿಗಳನ್ನು ನಗಿಸಿದರು. ಆಮೇಲೆ ಇಡೀ ಕೈ ನಡುಗಿತು, ಗಿರಾಕಿಗಳು ನಗುವುದನ್ನು ಬಿಟ್ಟು ಕಿವಿ ಮುಟ್ಟಿ ನೋಡಿಕೊಳ್ಳತೊಡಗಿದರು. ಗುಳಿಗೆಗಳು ಕೆಲವು ವರ್ಷ ಕೈ ಹಿಡಿದವು, ಆಮೇಲೆ ಅವೂ ಕೈಬಿಟ್ಟವು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ತಲೆಬುರುಡೆಗೆ ರಂಧ್ರ ಮಾಡಿ, ಮಿದುಳಿನ ಆಳಕ್ಕೆ ಶಾವಿಗೆ ಎಳೆಯಷ್ಟು ದಪ್ಪದ ತಂತಿಗಳನ್ನು ಇಳಿಸಿದರು. ಅವು ಕಿವಿಯ ಹಿಂದಿನಿಂದ ಚರ್ಮದಡಿಯಲ್ಲೇ ಇಳಿದು ಬಂದು, ಕೊರಳೆಲುಬಿನ ಕೆಳಗೆ ಹೊಲಿದಿಟ್ಟ ಬ್ಯಾಟರಿಗೆ ಸೇರುತ್ತವೆ. ಹಗಲೂ ರಾತ್ರಿ ಅಲ್ಲಿಂದ ತಲೆಗೆ ಸಣ್ಣ ಸಣ್ಣ ಮಿಡಿತದಲ್ಲಿ ಕರೆಂಟು ಹರಿಯುತ್ತದೆ. ಅದು ಹರಿಯುತ್ತಿರುವಷ್ಟು ಹೊತ್ತು ಕೈ ಮಾತು ಕೇಳುತ್ತದೆ.

ಕರೆಂಟು ಎಷ್ಟು ಬೇಕು ಎಂದು ಹದ ಮಾಡಿ ಕೊಡುವವರು ಒಬ್ಬ ಹೆಂಗಸು. ಡಾಕ್ಟರಲ್ಲ, ನರ್ಸೂ ಅಲ್ಲ. ಇವರು ಆಕೆಗೆ ಮೆಷಿನ್ ಮೇಡಂ ಎಂದು ಹೆಸರಿಟ್ಟರು. ಮೇಡಂ ತನ್ನ ಪರದೆಯ ಮೇಲೆ ಬೆರಳಾಡಿಸಿ ಕರೆಂಟು ಏರಿಸುತ್ತ ಹೋದ ಆ ದಿನ, ಇವರ ಕೈ ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತುಬಿಟ್ಟಿತು. ಇವರು ಅದನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ಅಲ್ಲೇ ಅತ್ತೆ.

"ಏನಾದ್ರೂ ಮಾತಾಡಿ ನೋಡೋಣ" ಎಂದರು ಮೇಡಂ.

ಇವರು ಬಾಯಿ ತೆರೆದರು. ಬಾಯಿ ತುಂಬ ನೀರು ಹಿಡಿದವರು ಮಾತಾಡಿದ ಹಾಗಿತ್ತು. ಒಂದಕ್ಷರಕ್ಕೆ ಇನ್ನೊಂದು ಅಂಟಿಕೊಂಡು, ಎಲ್ಲಿ ಮಾತು ಮುಗಿಯಿತು, ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಮೇಡಂ ಕರೆಂಟು ಇಳಿಸಿದರು. ಮಾತು ತಿಳಿಯಾಯಿತು, ಕೈ ಮತ್ತೆ ಕುಣಿಯಿತು. ಏರಿಸಿದರು, ಇಳಿಸಿದರು, ತಂತಿಯ ಮೇಲಿನ ಬೇರೆ ಬೇರೆ ಬಿಂದುಗಳಿಗೆ ಹಾಯಿಸಿ ನೋಡಿದರು. ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಹೇಳಿದರು. "ಒಂದೇ ಓಣೀಲಿ ಎದುರುಬದುರು ಎರಡು ಮನೆ ಅಂದ್ಕೊಳ್ಳಿ. ಕೈ ಮನೆಗೆ ದೀಪ ಹಾಕಿದ್ರೆ ನಾಲಿಗೆ ಮನೆ ಕಿಟಕಿಗೂ ಬೆಳಕು ಹೊಡೀತಿದೆ. ನಿಮಗೆ ಎರಡು ಸೆಟ್ಟಿಂಗ್ ಮಾಡಿಕೊಡ್ತೀನಿ. ಒಂದು ಕೈಗೆ, ಒಂದು ಬಾಯಿಗೆ. ಬೇಕಾದಾಗ ಬದಲಾಯಿಸ್ಕೊಳ್ಳಿ. ಎರಡೂ ಒಟ್ಟಿಗೆ ಮಾತ್ರ ಆಗಲ್ಲ."

ಆಗ ಬಾಯಿ ಸೆಟ್ಟಿಂಗಿನಲ್ಲಿದ್ದ ಇವರು, ನಡುಗುವ ಕೈಯನ್ನು ತೊಡೆಯಡಿಗೆ ಸಿಕ್ಕಿಸಿಕೊಂಡು ಹೇಳಿದರು. "ಸರಿಹೋಯ್ತು ಮೇಡಂ. ಕತ್ತರಿ ಕೊಟ್ರಿ, ಒಂದೇ ಅಲಗು."

ಹೀಗೆ ನಮ್ಮ ಮನೆಗೆ ಕೈ ಮತ್ತು ಬಾಯಿ ಬಂದವು. ಹಗಲು ಅಂಗಡಿ ತೆರೆದಿರುವಾಗ ಕೈ. ಅಂಗಡಿ ಮುಚ್ಚಿ ಇವರು ಒಳಗೆ ಬಂದ ಮೇಲೆ ಬಾಯಿ. ಮಲಗುವ ಮುಂಚೆ ಮತ್ತೆ ಕೈ. ಗುಂಡಿ ಒತ್ತುವುದು ನನ್ನ ಕೆಲಸ. ರಿಮೋಟಿನ ಗುಂಡಿಗಳು ಸಣ್ಣವು, ಬಾಯಿಯಿಂದ ಕೈಗೆ ಹೋಗುವಾಗ ನಡುಗುವ ಬೆರಳಿಗೆ ಅವು ಸಿಗುತ್ತಿರಲಿಲ್ಲ.

ಮೊದಮೊದಲು ಕೈ ಸೆಟ್ಟಿಂಗಿನಲ್ಲೂ ಇವರು ಗಿರಾಕಿಗಳ ಜೊತೆ ಎರಡು ಮಾತು ಆಡಲು ನೋಡುತ್ತಿದ್ದರು. ಒಂದು ಬೆಳಿಗ್ಗೆ ಹೊಸ ಗಿರಾಕಿಯೊಬ್ಬ ಬಂದು ಕೂತ. ಇವರು "ಹೇಗೆ ಬೇಕು, ಸಣ್ಣಗಾ?" ಎಂದು ಕೇಳಿದ್ದು ಅವನಿಗೆ ಹೇಗೆ ಕೇಳಿಸಿತೋ, ಕುತ್ತಿಗೆಯ ಬಟ್ಟೆಯನ್ನು ತಾನೇ ಬಿಚ್ಚಿಕೊಂಡು ಎದ್ದ. "ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡ್ ಬಂದಿದಾನೆ. ಇವನ ಕೈಗೆ ಕತ್ತು ಕೊಡ್ಲಾ?" ಎಂದು ಬೆಂಚಿನವರಿಗೆ ಹೇಳಿ ಹೊರಟುಹೋದ. ಕುಡಿತವೆಂದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ ಇವರು. ಆವತ್ತಿನಿಂದ ಕೈ ಸೆಟ್ಟಿಂಗಿನಲ್ಲಿ ಬಾಯಿಗೆ ಬೀಗ ಬಿತ್ತು. ಗಿರಾಕಿಗಳಿಗೆ ಬಾಚಣಿಗೆಯಲ್ಲೇ ಸನ್ನೆ. ನನಗೂ ಅಷ್ಟೇ. ಟವೆಲು ಬೇಕಾದರೆ ಕನ್ನಡಿಗೆ ಬಾಚಣಿಗೆಯಿಂದ ಒಂದು ಸಲ ಟಕ್, ಟೀ ಬೇಕಾದರೆ ಎರಡು ಸಲ. ಒಂದು ಸಲ ಕಾಲಿಗೆ ಬಿಸಿನೀರು ಚೆಲ್ಲಿಕೊಂಡಾಗಲೂ ಹಲ್ಲು ಕಚ್ಚಿಕೊಂಡರೇ ಹೊರತು ತುಟಿ ಬಿಚ್ಚಲಿಲ್ಲ. ನನ್ನೆದುರು ಎಂಥ ಮರ್ಯಾದೆ ಎಂದು ಸಿಟ್ಟು ಬರುತ್ತಿತ್ತು. ಸಂಜೆಯ ಹೊತ್ತಿಗೆ ಆ ಸಿಟ್ಟನ್ನೂ ಹಿಡಿದಿಟ್ಟುಕೊಳ್ಳುವಷ್ಟು ತ್ರಾಣ ನನ್ನಲ್ಲಿ ಉಳಿಯುತ್ತಿರಲಿಲ್ಲ.

ಹಳೆಯ ಗಿರಾಕಿಗಳಿಗೆ ಇದು ನುಂಗಲಾರದ ತುತ್ತಾಯಿತು. ಎಲ್ಲರಿಗಿಂತ ಹೆಚ್ಚು ಒದ್ದಾಡಿದ್ದು ನಿವೃತ್ತ ಪೋಸ್ಟ್‌ಮಾಸ್ಟರು. ಗಡ್ಡ ಬರಲಿ ಬಿಡಲಿ, ಬಂದು ಕೂರುವವರು. ಒಂದು ದಿನ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು, ಟವೆಲು ಒಯ್ಯಲು ಬಂದ ನನ್ನನ್ನು ಕನ್ನಡಿಯಲ್ಲೇ ನೋಡಿ ಗೋಗರೆದರು.

"ತಾಯಿ, ಬ್ಯಾಂಕಲ್ಲಿ ಕೂತು ಶೇವ್ ಮಾಡಿಸ್ಕೊಂಡ ಹಾಗಿದೆ. ಒಂದೈದು ನಿಮಿಷ ಬಾಯಿ ಹಾಕಮ್ಮ."

"ಹಾಕ್ಬಹುದು. ಆದ್ರೆ ಕ್ಷೌರದ ಕತ್ತಿ ನಿಮ್ಮ ಗಂಟಲ ಮೇಲಿದೆ."

"ಮುಗಿದ ಮೇಲೆ?"

"ಮುಗಿದ ಮೇಲೆ ಇನ್ನೊಬ್ರು ಕಾಯ್ತಿದಾರೆ."

ಪೋಸ್ಟ್‌ಮಾಸ್ಟರು ನಿಟ್ಟುಸಿರು ಬಿಟ್ಟರು, ನೊರೆ ಕನ್ನಡಿಗೆ ಹಾರಿತು. ಇವರು ತುಟಿಯಂಚಲ್ಲಿ ನಕ್ಕು ಅವರ ಗಲ್ಲ ಎತ್ತಿದರು. ಆ ನಿಟ್ಟುಸಿರಿಗೆ ಕೊಡಬೇಕಾದ ಉತ್ತರ ಇವರ ನಾಲಿಗೆಯ ತುದಿಗೆ ಬಂದು ಕೂತದ್ದು ನನಗೆ ಕಂಡಿತು. ಅದು ಸಂಜೆ ನನಗೆ ಸಿಗುವುದಿತ್ತು.

ಯಾಕೆಂದರೆ ಸಂಜೆ ಆಗುತ್ತಿದ್ದದ್ದು ಅದೇ. ಹಗಲೆಲ್ಲ ಕೇಳಿಸಿಕೊಂಡ ಮಾತುಗಳಿಗೆ ಹಗಲೆಲ್ಲ ಕೊಡಲಾಗದ ಉತ್ತರಗಳನ್ನು ಇವರು ಒಂದೂ ಬಿಡದೆ ಕೂಡಿಟ್ಟುಕೊಂಡು ಬಂದು ನನ್ನ ಮುಂದೆ ಸುರಿಯುತ್ತಿದ್ದರು. ನಾನು ನೋಡದ ಜನ, ನಾನು ಕೇಳದ ಪ್ರಶ್ನೆ, ಅದಕ್ಕೆ ಇವರ ಉತ್ತರ. "ಅವನು ಹಾಗಂದ್ನಾ, ಅದಕ್ಕೆ ನಾನು ಹೇಳ್ತಿದ್ದೆ, ಏನಂತ ಗೊತ್ತಾ ಇವಳೇ" ಎಂದು ಶುರುವಾದರೆ ಮುಗಿಯಿತು. ನಾನು ತಟ್ಟೆ ಹಿಡಿದು ತುತ್ತು ಕೊಡುತ್ತಿದ್ದೆ, ಕೈ ನಡುಗುತ್ತಿದ್ದರಿಂದ ಇವರು ತಾವಾಗಿ ತಿನ್ನುವಂತಿರಲಿಲ್ಲ. ತುತ್ತು ನುಂಗುವಷ್ಟು ಹೊತ್ತು ಮಾತ್ರ ನನ್ನ ಕಿವಿಗೆ ಬಿಡುವು.

ಇವರ ಮಾತು ನನಗೆ ಇಷ್ಟವಿರಲಿಲ್ಲವೆಂದಲ್ಲ. ಮದುವೆಗೆ ಒಪ್ಪಿದ್ದೇ ಆ ಬಾಯಿ ನೋಡಿ. ಆದರೆ ನನ್ನದು ಬೇಕರಿಯಲ್ಲಿ ಮುಂಜಾವದ ಪಾಳಿ. ಊರು ಎಚ್ಚರಾಗುವ ಮೊದಲು ಬ್ರೆಡ್ಡು ಬೆಂದಿರಬೇಕು. ಬಿಸಿ ತಟ್ಟೆಗಳನ್ನು ಒಲೆಯಿಂದ ಎಳೆದು, ಜೋಡಿಸಿ, ಮನೆಗೆ ಬಂದು ಅಡುಗೆ ಮಾಡಿ, ಅಂಗಡಿಯ ಟವೆಲು ಒಗೆದು ಹಿಂಡಿ ಹರವುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿರುತ್ತಿರಲಿಲ್ಲ. ಸಂಜೆ ಇವರ ಎದುರು ಕೂತರೆ ರೆಪ್ಪೆಗಳು ತಾವೇ ಇಳಿಯುತ್ತಿದ್ದವು. ಹಗಲೆಲ್ಲ ಮೂಕನಾಗಿ ನಿಂತು ದುಡಿದ ಮನುಷ್ಯ, ಇದೊಂದು ಹೊತ್ತು ಬಾಯ್ತುಂಬ ಮಾತಾಡಲಿ, ಅದಕ್ಕೂ ನಾನು ಆಕಳಿಸಿದರೆ ಹೇಗೆ ಎಂದುಕೊಂಡು ಕೂರುತ್ತಿದ್ದೆ. ಹೂಂ ಎನ್ನುತ್ತಿದ್ದೆ. ಹೂಂಗುಟ್ಟದಿದ್ದರೆ ಇವರಿಗೆ ಕಥೆ ಮುಂದೆ ಹೋಗುವುದಿಲ್ಲ. ಮಾತಿನ ನಡುವೆ ಹೂಂ ಎಲ್ಲಿ ಬೀಳಬೇಕೆಂದು ಅಷ್ಟು ವರ್ಷದಲ್ಲಿ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಕೂತಲ್ಲೇ ನಿದ್ದೆ ಹೋಗಿ, ನಿದ್ದೆಯಲ್ಲೇ ಸರಿಯಾದ ಜಾಗಕ್ಕೆ ಹೂಂ ಹಾಕುವುದನ್ನು ಕಲಿತಿದ್ದೆ.

ಇವರ ಬಳಿ ಒಂದು ಕಥೆಯಿತ್ತು, ಅರ್ಧ ಮೀಸೆಯ ಕಥೆ. ಇವರು ಹೊಸದಾಗಿ ಅಂಗಡಿ ತೆರೆದಾಗ ಒಬ್ಬ ಪೊದೆ ಮೀಸೆಯವನು ಬಂದು ಮೀಸೆ ತೆಗೆದುಬಿಡಿ ಅಂದನಂತೆ. ಅರ್ಧ ತೆಗೆದಿದ್ದಾರೆ, ಅಷ್ಟರಲ್ಲಿ ಯಾರೋ ಓಡಿ ಬಂದು, ನಿನ್ನ ಹೆಂಡತಿಗೆ ಹೆರಿಗೆಯಾಯ್ತು ಅಂದರಂತೆ. ಅವನು ನೊರೆ ಮುಖದಲ್ಲೇ, ಅರ್ಧ ಮೀಸೆಯಲ್ಲೇ ಆಸ್ಪತ್ರೆಗೆ ಓಡಿದನಂತೆ. ಈ ಓಡುವಲ್ಲಿಯವರೆಗೆ ನನಗೆ ಕಥೆ ಬಾಯಿಪಾಠ. ಅದನ್ನು ಇವರು ನಿಧಾನವಾಗಿ, ಬೀದಿ ಬೀದಿಯಾಗಿ ಓಡಿಸುತ್ತಿದ್ದರು, ನಾನು ಎರಡನೆಯ ತಿರುವಿನಲ್ಲಿ ನಿದ್ದೆ ಹೋಗುತ್ತಿದ್ದೆ. ಅವನು ಆಸ್ಪತ್ರೆ ತಲುಪಿದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೇಳಿದರೆ ನಿದ್ದೆಯ ಗುಟ್ಟು ರಟ್ಟಾಗುತ್ತದೆಂದು ಕೇಳಿರಲಿಲ್ಲ.

ಬೇಕರಿಯಲ್ಲಿ ಒಂದು ಬೆಳಿಗ್ಗೆ ನಿಂತಲ್ಲೇ ತೂಕಡಿಸಿ, ಬಿಸಿ ತಟ್ಟೆಗೆ ಮೊಣಕೈ ತಗುಲಿಸಿಕೊಂಡೆ. ಬೊಬ್ಬೆ ಎದ್ದಿತು. ಇವರಿಗೆ ಕಾಣದಂತೆ ಉದ್ದ ತೋಳಿನ ರವಿಕೆ ಹಾಕಿಕೊಂಡೆ. ಎರಡನೆಯ ಸಲ ಅದೇ ಜಾಗಕ್ಕೆ ತಗುಲಿತು. ಜೊತೆಯವಳು ಮುಲಾಮು ಹಚ್ಚುತ್ತ, "ರಿಮೋಟಿದೆಯಲ್ಲೇ, ಬೇಗ ಆಫ್ ಮಾಡಿ ಮಲ್ಕೊ" ಎಂದಳು. ಅವಳ ಪಾಲಿಗೆ ಅದೊಂದು ತಮಾಷೆ. ಗಂಡನ ಮಾತನ್ನು ಗುಂಡಿ ಒತ್ತಿ ನಿಲ್ಲಿಸಬಹುದಾದ ಹೆಂಡತಿಗೆ ಆ ಗುಂಡಿ ಎಷ್ಟು ಗಟ್ಟಿಯಾಗಿರುತ್ತದೆಂದು ಅವಳಿಗೇನು ಗೊತ್ತು.

ಇದನ್ನೆಲ್ಲ ಹೊರಕ್ಕೆಳೆದವಳು ನಾದಿನಿ. ಒಂದು ಸಂಜೆ ಅಣ್ಣನನ್ನು ನೋಡಲು ಬಂದಿದ್ದಳು. ಇವರು ಭರ್ಜರಿಯಾಗಿ ಮಾತಾಡುತ್ತಿದ್ದರು, ಅವಳು ನಗುತ್ತಿದ್ದಳು, ನಾನು ಇವರಿಗೆ ಊಟ ಮಾಡಿಸುತ್ತಿದ್ದೆ. ಚಮಚ ನನ್ನ ಕೈಜಾರಿ ಬಿತ್ತು. ಅದನ್ನೆತ್ತಲು ಅವಳು ಮೇಜಿನಡಿಗೆ ಬಗ್ಗಿದಳು. ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ಎದ್ದಾಗ ಮುಖದಲ್ಲಿ ನಗುವಿರಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಎಳೆದುಕೊಂಡಳು.

"ಅತ್ತಿಗೆ, ಅಣ್ಣನ ಕಾಲು ನೋಡಿದೀರಾ?"

"ಯಾಕೆ, ಏನಾಯ್ತು?"

"ಬೆರಳೆಲ್ಲ ಒಳಗೆ ಮುರಿದುಕೊಂಡ ಹಾಗೆ ಮಡಚ್ಕೊಂಡಿವೆ. ಚಪ್ಪಲಿ ಬಾರನ್ನ ಕಚ್ಚಿ ಹಿಡಿದ ಹಾಗಿದೆ. ಮೀನಖಂಡ ಕಲ್ಲು. ನೀವು ಕರೆಂಟ್ ಇಳಿಸಿ ಮಾತಾಡಿಸ್ತೀರಲ್ಲ, ಆಗ ಅವನಿಗೆ ಏನಾಗುತ್ತೆ ಅಂತ ಒಂದ್ಸಲನಾದ್ರೂ ಕೇಳಿದೀರಾ? ನಿಮಗೆ ಹೊತ್ತು ಹೋಗಬೇಕು ಅಂತ ಅವನನ್ನ ದಿನಾ ಹೀಗೆ ನರಳಿಸಬೇಕಾ?"

ನನ್ನ ಹೊತ್ತು ಹೋಗುವುದಕ್ಕೆ. ಆ ಮಾತು ಕಪಾಳಕ್ಕೆ ಬಾರಿಸಿದ ಹಾಗಿತ್ತು. ನಾನು ಇಲ್ಲಿ ಕೂತಿರೋದು ನಿನ್ನ ಅಣ್ಣನಿಗೋಸ್ಕರ ಕಣೇ, ನನಗೆ ಬೇಕಾಗಿರೋದು ನಿದ್ದೆ ಎಂದು ಕೂಗಬೇಕೆನ್ನಿಸಿತು. ಬಾಗಿಲಾಚೆ ಇವರಿದ್ದರು, ಕೇಳಿಸಿಕೊಂಡರೆ ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತು ನಿಜವಾಗಿತ್ತು. ಮೇಜಿನಡಿಗೆ ನಾನು ಒಂದು ದಿನವೂ ನೋಡಿರಲಿಲ್ಲ. ನೋಡಲು ಕಣ್ಣು ತೆರೆದಿರಬೇಕಲ್ಲ.

ಮರುವಾರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಾತಾಡಬೇಕಾಗುತ್ತದೆಂದು ದಾರಿಯಲ್ಲೇ ಬಾಯಿಗೆ ಹಾಕಿದ್ದೆ. ಇಡೀ ದಾರಿ ಇವರು ಬಸ್ಸಿನ ಕಂಡಕ್ಟರನ ತಲೆಯ ಕಟಿಂಗನ್ನು ಹೀಯಾಳಿಸುತ್ತ ಬಂದರು. ಒಳಗೆ ಮೆಷಿನ್ ಮೇಡಂ ಇವರ ಮಣಿಕಟ್ಟು ಹಿಡಿದು ತಿರುಗಿಸಲು ನೋಡಿದರು. ಅದು ತುಕ್ಕು ಹಿಡಿದ ನಲ್ಲಿಯ ಹಾಗೆ ತಡೆತಡೆದು ತಿರುಗಿತು. ಚಪ್ಪಲಿ ಬಿಚ್ಚಿಸಿ ಕಾಲ್ಬೆರಳು ನೋಡಿದರು.

"ಕಾಯಿಲೆ ಸ್ವಲ್ಪ ಮುಂದೆ ಹೋಗಿದೆ" ಎಂದರು. "ಮೊದಲಾದ್ರೆ ಈ ಸೆಟ್ಟಿಂಗಲ್ಲಿ ಬರೀ ಕೈ ನಡುಗ್ತಿತ್ತು. ಈಗ ಮೈಯೆಲ್ಲ ಬಿಗಿಯುತ್ತೆ. ದಿನಾ ಸಂಜೆ ಇದರಲ್ಲೇ ಇರ್ತೀರಾ?"

"ಹೂಂ."

"ನೋವಿರಬೇಕಲ್ಲ?"

ಇವರು ನನ್ನ ಕಡೆ ನೋಡಿದರು. ಮೇಡಂ ಬಿಡಲಿಲ್ಲ. "ಇದೆಯಾ ಇಲ್ವಾ?"

"ಇರುತ್ತೆ."

"ಮತ್ತೆ ಯಾಕೆ ಹಾಕ್ಕೊಳ್ತೀರಿ? ಅಂಗಡಿ ಮುಚ್ಚಿದ ಮೇಲೆ ಯಾರ ಹತ್ರ ಮಾತಾಡ್ಲೇಬೇಕು?"

ಇವರು ಗಂಟಲು ಸರಿಮಾಡಿಕೊಂಡರು. "ಇವಳಿದಾಳಲ್ಲ ಮೇಡಂ. ಮುಂಜಾನೆ ಎದ್ದು ಬೆಂಕಿ ಮುಂದೆ ನಿಂತು ಬರ್ತಾಳೆ. ನಮಗೆ ಮಕ್ಕಳಿಲ್ಲ ಮರಿಯಿಲ್ಲ. ಮನೆಗೆ ಬಂದು ಮೂಕನ ಮುಖ ನೋಡ್ಕೊಂಡು ಕೂರಬೇಕಾ? ನನ್ನ ಮಾತು ಅಂದ್ರೆ ಇವಳಿಗೆ ಪ್ರಾಣ. ಒಂದೂ ಬಿಡದೆ ಹೂಂ ಅಂತ ಕೇಳ್ತಾಳೆ. ಅದೊಂದು ಸುಖ ಇರ್ಲಿ ಅಂತ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಕಾಲ್ಬೆರಳು ಮುರಿಯುವಂತೆ ಬಿಗಿದುಕೊಂಡು ಈ ಮನುಷ್ಯ ನನಗೋಸ್ಕರ ಮಾತಾಡುತ್ತಿದ್ದರು. ಮೊಣಕೈ ಸುಟ್ಟುಕೊಂಡು ನಾನು ಇವರಿಗೋಸ್ಕರ ಕೇಳುತ್ತಿದ್ದೆ. ಕೇಳುತ್ತಲೂ ಇರಲಿಲ್ಲ. ಎಷ್ಟು ಸಂಜೆಗಳು ಹೀಗೆ ಹೋಗಿದ್ದವೋ. ಅಳು ಬರಬೇಕಿತ್ತು, ನಗು ಬಂತು. ನಕ್ಕದ್ದು ತಪ್ಪಾಯಿತು.

"ಯಾಕೆ ನಗ್ತೀಯ?" ಇವರು ಕೇಳಿದರು.

"ನನಗೋಸ್ಕರನಾ?" ಎಂದೆ. ರವಿಕೆಯ ತೋಳು ಮೇಲೆ ಸರಿಸಿ ಸುಟ್ಟ ಗಾಯ ತೋರಿಸಿದೆ. "ನಿಂತಲ್ಲೇ ನಿದ್ದೆ ಹೋಗಿ ಆಗಿದ್ದು ಇದು. ನಿಮಗೆ ಮಾತಾಡೋ ಆಸೆ, ಪಾಪ ಅಂತ ನಾನು ಕೂರ್ತಿದ್ದೆ. ಹೂಂ ಅಂತಿದ್ದದ್ದು ನಿದ್ದೇಲಿ."

ಮೇಡಂ ಪರದೆಯ ಕಡೆ ತಿರುಗಿ ಅಲ್ಲಿ ಏನೋ ಇದೆಯೆಂಬಂತೆ ನೋಡತೊಡಗಿದರು. ಇವರು ನನ್ನ ತೋಳನ್ನೇ ನೋಡುತ್ತಿದ್ದರು.

"ಹಾಗಾದ್ರೆ ನನ್ನ ಮಾತು ನಿನಗೆ ಬೇಡ್ವಾ?"

ಸುಳ್ಳು ಹೇಳಬಹುದಿತ್ತು. ಹೇಳುವಷ್ಟು ಶಕ್ತಿಯೂ ಇರಲಿಲ್ಲ. "ಬೇಕು. ಆದ್ರೆ ಈಗ ಅದಕ್ಕಿಂತ ನಿದ್ದೆ ಬೇಕು. ಮತ್ತೆ, ನಿಮ್ಮ ಕಾಲು ಹಾಗೆ ಮುರುಟಿಕೊಂಡು ಬರೋ ಮಾತು ಬೇಡ. ಕೈ ಹಾಕಿರುವಾಗ ತೊದಲ್ತೀರಲ್ಲ, ಆ ತೊದಲೇ ಸಾಕು ನನಗೆ. ಅದನ್ನ ಬಚ್ಚಿಡ್ತೀರಿ. ಕುಡಿದವನು ಅಂತ ನಾನೇನು ಎದ್ದು ಹೋಗ್ತೀನಾ?"

ಬಾಯಿ ಸೆಟ್ಟಿಂಗಿನಲ್ಲಿ ಇವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೇಡಂ ಎರಡೂ ಸೆಟ್ಟಿಂಗುಗಳನ್ನು ಹಾಗೇ ಉಳಿಸಿದರು. "ಬಾಯಿ ಒಂದನ್ನ ತುರ್ತಿಗೆ ಅಂತ ಇಟ್ಕೊಳ್ಳಿ. ದಿನಾ ಬೇಡ" ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ಅದೇ ಕಂಡಕ್ಟರು ಬಂದ, ಅದೇ ಕೆಟ್ಟ ಕಟಿಂಗು. ಇವರು ತಲೆಯೆತ್ತಲಿಲ್ಲ. ಮಡಿಲಲ್ಲಿ ಕೈ ಕುಣಿಯುತ್ತಿತ್ತು.

"ಏನಾದ್ರೂ ಹೇಳಿ" ಎಂದೆ.

"ಕೈಗೆ ಹಾಕು" ಎಂದರು.

ರಿಮೋಟು ತೆಗೆದು ಗುಂಡಿ ಒತ್ತಿದೆ. ಕೈ ನಿಂತಿತು. ಮಾತೂ.

ಆಮೇಲಿನ ದಿನಗಳಲ್ಲಿ ನಾನು ನಿದ್ದೆ ಮಾಡಿದೆ. ಸಂಜೆ ಬೆಳಕಿರುವಾಗಲೇ ಊಟ ಮುಗಿಸಿ ಹಾಸಿಗೆಗೆ ಬೀಳುತ್ತಿದ್ದೆ. ಇವರು ತಾವೇ ತಟ್ಟೆಗೆ ಹಾಕಿಕೊಂಡು ತಾವೇ ತಿನ್ನುತ್ತಿದ್ದರು. ಪಾತ್ರೆ ತೊಳೆದಿಟ್ಟು, ಟವೆಲುಗಳನ್ನೂ ಮಡಚಿಡುತ್ತಿದ್ದರು, ಅಂಚಿಗೆ ಅಂಚು ಸೇರಿಸಿ. ಕಾಲ್ಬೆರಳುಗಳು ನೇರವಾಗಿರುತ್ತಿದ್ದವು, ಈಗ ನಾನು ನೋಡುತ್ತಿದ್ದೆ. ನನ್ನ ಗಾಯ ಮಾಗಿತು. ಎಲ್ಲ ಸರಿಯಾಗಿತ್ತು, ಮನೆಯಲ್ಲಿ ಒಂದು ಪಿಸುಮಾತೂ ಇರಲಿಲ್ಲ. ಬಾಚಣಿಗೆಯ ಟಕ್ ಟಕ್ ಕೂಡ ಕಡಿಮೆಯಾಯಿತು, ಟೀಯನ್ನೂ ತಾವೇ ಮಾಡಿಕೊಳ್ಳುತ್ತಿದ್ದರು. ಸಿಟ್ಟೋ, ಬೇಸರವೋ, ಅಥವಾ ನನ್ನ ನಿದ್ದೆಗೆ ಕೊಟ್ಟ ಮರ್ಯಾದೆಯೋ ತಿಳಿಯಲಿಲ್ಲ. ಕೇಳಿದರೆ ಭುಜ ಹಾರಿಸುತ್ತಿದ್ದರು.

ದಣಿವು ಸ್ವಲ್ಪ ಇಳಿದಮೇಲೆ ಅದರಡಿಯಲ್ಲಿ ಏನಿತ್ತೆಂದು ಗೊತ್ತಾಯಿತು. ನನಗೆ ಇವರ ಮಾತು ಬೇಕಿತ್ತು. ಬೇಕರಿಯಲ್ಲಿ ಏನಾದರೂ ತಮಾಷೆ ನಡೆದರೆ, ಇದಕ್ಕೆ ಇವರು ಏನೆನ್ನುತ್ತಿದ್ದರು ಎಂದು ನನ್ನಷ್ಟಕ್ಕೆ ಊಹಿಸುತ್ತಿದ್ದೆ. ಒಂದು ಸಂಜೆ ಮೊಳೆಯಿಂದ ರಿಮೋಟು ತೆಗೆದು ಬಾಯಿ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಇವರು ನೋಡಿದರು. ಬೇಡವೆನ್ನಲಿಲ್ಲ. ಚಪ್ಪಲಿಯೊಳಗೆ ಕಾಲನ್ನು ಗಟ್ಟಿಯಾಗಿ ಊರಿ, ಕುರ್ಚಿಯ ಕೈ ಹಿಡಿದು ಸಿದ್ಧರಾಗಿ ಕೂತರು. ಆ ಸಿದ್ಧತೆ ನೋಡಿದ ಮೇಲೆ ಗುಂಡಿ ಒತ್ತಲಾಗಲಿಲ್ಲ. ರಿಮೋಟನ್ನು ಮತ್ತೆ ಮೊಳೆಗೆ ಹಾಕಿ ಮಲಗಲು ಹೋದೆ. ಆವತ್ತು ನಿದ್ದೆ ಬರಲಿಲ್ಲ.

ಅಂಗಡಿಗೆ ರಜೆಯ ದಿನ ನಾನು ಟವೆಲಿನ ಬುಟ್ಟಿ ತರಲು ಮುಂದಿನ ಕೋಣೆಗೆ ಹೋದೆ. ಇವರು ಕತ್ತರಿಗೆ ಎಣ್ಣೆ ಬಿಡುತ್ತಿದ್ದರು. ಬುಟ್ಟಿ ಎತ್ತಿಕೊಂಡು ಹೊರಟವಳನ್ನು ಕನ್ನಡಿಯಲ್ಲಿ ನೋಡಿ ಬಾಚಣಿಗೆಯಿಂದ ಟಕ್ ಎನ್ನಿಸಿದರು. ತಿರುಗಿದೆ. ಕುರ್ಚಿಯನ್ನು ನನ್ನ ಕಡೆಗೆ ಸುತ್ತಿಸಿ, ಸೀಟನ್ನು ಬಟ್ಟೆಯಿಂದ ಒರೆಸಿ, ಕೂರು ಎಂದು ಸನ್ನೆ ಮಾಡಿದರು.

ಇಷ್ಟು ವರ್ಷದ ಸಂಸಾರದಲ್ಲಿ ನಾನು ಆ ಕುರ್ಚಿಯಲ್ಲಿ ಕೂತವಳಲ್ಲ. ಊರ ಗಂಡಸರೆಲ್ಲ ಕೂತೆದ್ದ ಜಾಗದಲ್ಲಿ ನಾನು ಕೂರಲ್ಲ ಎಂದು ಹೊಸದರಲ್ಲಿ ಜಂಬ ಮಾಡಿದ್ದೆ, ಅದು ಹಾಗೇ ಉಳಿದುಬಿಟ್ಟಿತ್ತು. ನನ್ನ ಜಡೆಯ ತುದಿಯನ್ನು ನಾನೇ ಅಡುಗೆಮನೆಯ ಕತ್ತರಿಯಲ್ಲಿ ಕತ್ತರಿಸಿಕೊಳ್ಳುತ್ತಿದ್ದೆ. ಬೇಕರಿಯ ಟೋಪಿಯಡಿಯ ಬಿಸಿಗೆ ಅದು ಒಣಗಿ, ಸೀಳಿ, ಪೊರಕೆಯಾಗಿತ್ತು. ಬುಟ್ಟಿ ಕೆಳಗಿಟ್ಟು ಕೂತೆ. ಕಾಲು ನೆಲಕ್ಕೆ ಮುಟ್ಟಲಿಲ್ಲ. ಆ ಕುರ್ಚಿ ಅಷ್ಟು ಹಾಯಾಗಿರುತ್ತದೆಂದು ನನಗೆ ತಿಳಿದಿರಲಿಲ್ಲ, ಗಂಡಸರು ಯಾಕೆ ಏಳುವುದಿಲ್ಲವೆಂದು ಈಗ ತಿಳಿಯಿತು.

ಕುತ್ತಿಗೆಗೆ ಬಟ್ಟೆ ಕಟ್ಟಿದರು. ಜಡೆ ಬಿಚ್ಚಿದರು. ನೀರು ಚಿಮುಕಿಸಿ ಬಾಚುತ್ತ ಸಿಕ್ಕುಗಳನ್ನು ಒಂದೊಂದಾಗಿ ಬಿಡಿಸಿದರು, ಒಂದು ಕೂದಲೂ ಎಳೆಯಲಿಲ್ಲ. ಆ ಕೈ ನಡುಗುತ್ತಿರಲಿಲ್ಲ. ಎಡಗಡೆಯಿಂದ ಶುರುಮಾಡಿದರು. ಕತ್ತರಿಯ ಕಚಕಚ ಕಿವಿಯ ಹತ್ತಿರ ಬಂದಾಗ ಇನ್ನೊಂದು ಸದ್ದೂ ಕೇಳಿಸಿತು.

ಇವರು ಮಾತಾಡುತ್ತಿದ್ದರು.

ಕನ್ನಡಿಯಲ್ಲಿ ನನ್ನನ್ನು ನೋಡುತ್ತಿರಲಿಲ್ಲ, ಕೂದಲನ್ನೇ ನೋಡುತ್ತಿದ್ದರು. ಮುಖ ಕೆಂಪಾಗಿತ್ತು. ನೀರೊಳಗಿಂದ ಬಂದ ಹಾಗೆ ಬರುತ್ತಿದ್ದ ಆ ಮಾತಿನಲ್ಲಿ ನನಗೆ ಒಂದಕ್ಷರವೂ ಬಿಡಿಯಾಗಿ ಸಿಗಲಿಲ್ಲ. ಆದರೆ ಅದರ ಏರಿಳಿತ ಗೊತ್ತಿತ್ತು. ಎಲ್ಲಿ ತಡೆಯುತ್ತಾರೆ, ಎಲ್ಲಿ ಓಡುತ್ತಾರೆ, ಎಲ್ಲಿ ಬೀದಿ ತಿರುಗುತ್ತಾರೆ ಎಲ್ಲ ಗೊತ್ತಿತ್ತು. ಅರ್ಧ ಮೀಸೆಯ ಕಥೆ ಅದು. ಮೊದಲನೆಯ ತಿರುವು ಆಯಿತು, ಎರಡನೆಯದೂ ಆಯಿತು. ನಾನು ಎಚ್ಚರವಾಗಿದ್ದೆ. ಮುಂದೆ ನಾನು ಎಂದೂ ಹೋಗದ ಜಾಗಕ್ಕೆ ಕಥೆ ಹೋಯಿತು, ಅಲ್ಲಿ ನನಗೆ ಏರಿಳಿತವೂ ಗೊತ್ತಿರಲಿಲ್ಲ. ಕೊನೆಗೆ ಒಂದು ಕಡೆ ಕತ್ತರಿ ನಿಂತಿತು. ಹೂಂ ಬೀಳಬೇಕಾದ ಜಾಗ.

ಹೂಂ ರೂಢಿಯಂತೆ ಗಂಟಲಿಗೆ ಬಂತು. ಅದನ್ನು ಅಲ್ಲೇ ತಡೆದೆ.

"ಗೊತ್ತಾಗ್ಲಿಲ್ಲ ರೀ" ಎಂದೆ. "ಇನ್ನೊಂದ್ಸಲ ಹೇಳಿ."

ಇವರ ಕಿವಿಯ ತುದಿಯವರೆಗೂ ಕೆಂಪೇರಿತು. ಕತ್ತರಿ ಕೆಳಗಿಟ್ಟು ಒಳಗೆ ಹೋಗುತ್ತಾರೇನೋ ಎಂದು ಹೆದರಿದೆ. ಹೋಗಲಿಲ್ಲ. ತುಟಿ ಒರೆಸಿಕೊಂಡು, ಒಂದೊಂದೇ ಮಾತನ್ನು ದೂಡಿದರು. ಆಗಲೂ ತಿಳಿಯಲಿಲ್ಲ, ಮತ್ತೆ ಕೇಳಿದೆ. ಮೂರನೆಯ ಸಲಕ್ಕೆ ತುಣುಕು ತುಣುಕಾಗಿ ಸಿಕ್ಕಿತು. ಮಾರನೆಯ ದಿನ ಅವನು ಬಂದನಂತೆ. ಬಂದು ಕುರ್ಚಿಯಲ್ಲಿ ಕೂತನಂತೆ. ಉಳಿದರ್ಧ ತೆಗೆಯೋಣವೆಂದು ಇವರು ಕತ್ತಿ ಎತ್ತಿದರೆ ಕೈ ಹಿಡಿದುಕೊಂಡು, "ಬೇಡಿ. ಇವತ್ತೊಂದಿನ ಇರ್ಲಿ. ಅಷ್ಟು ಸುಸ್ತಲ್ಲೂ ಅವಳು ಇದನ್ನ ನೋಡಿ ನಕ್ಕಳು" ಅಂದನಂತೆ.

"ಇಷ್ಟೇನಾ?" ಎಂದೆ. "ಇದಕ್ಕೆ ಇಷ್ಟು ವರ್ಷ ಓಡಿಸಿದ್ರಾ ಅವನನ್ನ?"

ಇವರು ಬಾಯಿ ಬಿಟ್ಟು ನಕ್ಕರು. ನಗುವಿಗೆ ಕರೆಂಟಿನ ಹಂಗಿರಲಿಲ್ಲ, ಅದು ಮೊದಲಿನ ಹಾಗೇ ಇತ್ತು. ನನ್ನ ಕಣ್ಣಲ್ಲಿ ನೀರು ಬಂತು, ಬಟ್ಟೆಯೊಳಗಿಂದ ಕೈ ತೆಗೆಯಲಾಗದೆ ಹಾಗೇ ಬಿಟ್ಟೆ. ಇವರು ಟವೆಲಿನ ತುದಿಯಿಂದ ಒರೆಸಿ, ಬಲಗಡೆಗೆ ಬಂದು ಮತ್ತೇನನ್ನೋ ಶುರುಮಾಡಿದರು. ಪೋಸ್ಟ್‌ಮಾಸ್ಟರ ವಿಷಯ ಇರಬೇಕು. ಹೊರಗೆ ಬೆಳಕು ಇಳಿಯುತ್ತಿತ್ತು. ಕುರ್ಚಿ ಮೆತ್ತಗಿತ್ತು, ನಾಳೆ ಮುಂಜಾವದ ಪಾಳಿಗೆ ಏಳಬೇಕೆಂಬುದು ಮೈಗೆ ಆಗಲೇ ನೆನಪಾಗಿತ್ತು. ರೆಪ್ಪೆಗಳು ಇಳಿದವು.

"ರೀ, ನಿದ್ದೆ ಬರ್ತಿದೆ" ಎಂದೆ, ಇವರ ಕಥೆಯ ನಡುವೆ ಹಾಗೆ ಹೇಳಿದ್ದು ಅದೇ ಮೊದಲು.

ಮಾತು ನಿಂತಿತು. ಕಣ್ಣು ತೆರೆದು ಕನ್ನಡಿ ನೋಡಿದೆ. ಎಡಗಡೆಯ ಕೂದಲು ಭುಜಕ್ಕೆ ನೀಟಾಗಿ ನಿಂತಿತ್ತು. ಬಲಗಡೆಯದು ಸೊಂಟದವರೆಗೆ ಪೊರಕೆಯ ಹಾಗೇ ಜೋತಿತ್ತು. ಇವರು ಬಾಚಣಿಗೆಯಿಂದ ಆ ಕಡೆ ತೋರಿಸಿ, ಇದು? ಎಂಬಂತೆ ಹುಬ್ಬೇರಿಸಿದರು.

"ಇರ್ಲಿ ಬಿಡಿ" ಎಂದೆ. "ಟೋಪಿಯೊಳಗೆ ಯಾರಿಗೂ ಕಾಣಲ್ಲ. ಉಳಿದದ್ದು ನಾಳೆ ಸಂಜೆ ಹೇಳಿ."